ಸ್ವಿಫ್ಟ್ ಡೀಸೆಲ್ ರೀಮ್ಯಾಪ್, ಆಗುಂಬೆ ಘಾಟಿ, ಹೊಗೆ ಪರೀಕ್ಷೆ: ಆಟೋ ಕಾಂಪ್ಲೆಕ್ಸ್‌ನ ಬೋರ್ಡ್ ಇಲ್ಲದ ಗ್ಯಾರೇಜ್ ಬಗ್ಗೆ

ಹೊಗೆ ಪರೀಕ್ಷೆ ಮಾಡುವ ಹುಡುಗ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದ. 2.11 ಅಂತಿತ್ತು. "ನಿಮ್ದು ಬಿಎಸ್ ಫೋರ್ ಗಾಡಿ ಸಾರ್. 1.62 ದಾಟಂಗಿಲ್ಲ. ಫೇಲು" ಅಂದ. ಬಿಎಸ್ ಅಂದರೆ ಗಾಡಿ ಎಷ್ಟು ಹೊಗೆ ಬಿಡಬಹುದು ಅಂತ ಸರ್ಕಾರ ಇಟ್ಟ ಮಟ್ಟ. ಹಿಂದೆ ನಾಲ್ಕು ಗಾಡಿ ಕಾಯುತ್ತಿದ್ದವು. ಅದರಲ್ಲಿ ಒಂದು ನಮ್ಮ ಪಕ್ಕದ ಮನೆಯವರ ಬೊಲೆರೊ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಆಗುತ್ತದೆ ಅಂತ ಅಲ್ಲೇ ಗೊತ್ತಾಯ್ತು.

ಅದಕ್ಕೆ ಹತ್ತು ದಿನ ಮುಂಚೆಯಷ್ಟೇ ಅದೇ ಗಾಡಿಗೆ 12,000 ರೂಪಾಯಿ ಕೊಟ್ಟು ರೀಮ್ಯಾಪ್ ಮಾಡಿಸಿದ್ದೆ. ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕಾಚಾರ ಬದಲಾಯಿಸುವುದು. ಆ ಕಥೆ, ಆಮೇಲೆ ಅದನ್ನು ಸರಿ ಮಾಡಿದ ಶಿವಮೊಗ್ಗದ ಗ್ಯಾರೇಜಿನ ಕಥೆ, ಎರಡನ್ನೂ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಚಹಾ ಮಾಡಿಕೊಂಡು ಕೂತು ಓದಿ.

ಮೊದಲು ಗಾಡಿ ಯಾವುದು, ನನಗೆ ಯಾಕೆ ಈ ಚಪಲ ಅಂತ ಹೇಳಬೇಕು. ಗಾಡಿ 2013ರ ಸ್ವಿಫ್ಟ್ ಡೀಸೆಲ್. ಬೆಂಗಳೂರಿನಲ್ಲಿ ನೋಂದಣಿ ಆದದ್ದು. 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, ಆಗ 84,000 ಕಿಲೋಮೀಟರ್ ಓಡಿತ್ತು. ಒಳಗಿರುವುದು ಫಿಯೆಟ್‌ನವರ 1.3 ಲೀಟರ್ ಇಂಜಿನ್. ಸ್ವಿಫ್ಟ್, ಡಿಜೈರ್, ರಿಟ್ಜ್, ಪುಂಟೊ, ಲೀನಿಯಾ, ಟಾಟಾ ವಿಸ್ಟಾ, ಎಲ್ಲದರ ಹೊಟ್ಟೆಯಲ್ಲೂ ಇದೇ ಇತ್ತು. ಯಾವ ಹಳ್ಳಿಯ ಮೆಕ್ಯಾನಿಕ್‌ಗೂ ಕೈಗೆ ಬಂದ ಇಂಜಿನ್. 1248 ಸಿಸಿ, 75 ಪಿಎಸ್ ಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಹೈವೇಯಲ್ಲಿ ಹೂವಿನ ಹಾಗೆ ಹೋಗುತ್ತದೆ. ತೊಂದರೆ ಒಂದೇ. ಆ 190 ಸಿಗುವುದು 2000 ಆರ್‌ಪಿಎಂಗೆ, ಅಂದರೆ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ. ಅದರ ಕೆಳಗೆ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಮಲಗಿರುತ್ತದೆ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಪ್ಪನನ್ನು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ದಾರಿ ಆಗುಂಬೆ ಘಾಟಿ. ಇಳಿಯುವಾಗ ಏನೂ ತೊಂದರೆ ಇಲ್ಲ. ವಾಪಸ್ ಸೋಮೇಶ್ವರದಿಂದ ಹತ್ತುವಾಗ 14 ಹೇರ್‌ಪಿನ್ ತಿರುವು. ಒಂದೊಂದು ತಿರುವಿನಲ್ಲೂ ಮುಂದೆ ಮಿನಿ ಬಸ್. ಅದು ನಿಂತು, ಉಸಿರು ತಗೊಂಡು, ತಿರುಗಿ ಹೋಗುವಷ್ಟರಲ್ಲಿ ನನ್ನ ಇಂಜಿನ್ ಎರಡನೇ ಗೇರಿನಲ್ಲಿ 1400ಕ್ಕೆ ಇಳಿದಿರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಏನೂ ಆಗಲ್ಲ. ಒಂದು, ಎರಡು, ಮೂರು ಅಂತ ಎಣಿಸಬೇಕು. ಆಮೇಲೆ ಒಮ್ಮೆಲೇ ಯಾರೋ ಹಿಂದಿನಿಂದ ಒದ್ದ ಹಾಗೆ ಎಳೆಯುತ್ತದೆ. ಅಪ್ಪ ಪ್ರತಿ ಸಲ "ನಿಂಗೆ ಗಾಡಿ ಓಡ್ಸಕ್ಕೆ ಬರಲ್ಲ" ಅನ್ನುತ್ತಾರೆ. ಅವರು ಓಡಿಸಿದ್ದು ಮಹೀಂದ್ರ ಜೀಪು. ಅದಕ್ಕೆ ಟರ್ಬೊನೂ ಇರಲಿಲ್ಲ, ನಿದ್ದೆನೂ ಇರಲಿಲ್ಲ.

ಈ ಟರ್ಬೊ ಲ್ಯಾಗ್ ಹೋಗಲಿ ಅಂತ ರೀಮ್ಯಾಪ್ ಮಾಡಿಸಿದೆ. ಬೇರೆ ಊರಿನಿಂದ ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವ ಒಬ್ಬರು ಇದ್ದರು. ಹೆಸರು ಬೇಡ. ಒಂದು ಹೋಟೆಲಿನ ಪಾರ್ಕಿಂಗ್‌ನಲ್ಲಿ ಕೆಲಸ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಕೇಬಲ್ ಚುಚ್ಚಿದರು, ಇಪ್ಪತ್ತು ನಿಮಿಷ ಕಾಯಿಸಿದರು, ಮುಗೀತು. ಬಾನೆಟ್ ಸಹ ತೆಗೆಯಲಿಲ್ಲ. ಗಾಡಿ ಹೊಗೆ ಬಿಡುತ್ತಿದೆಯಾ, ಎಷ್ಟು ಓಡಿದೆ, ಕ್ಲಚ್ ಯಾವಾಗ ಹಾಕಿಸಿದ್ದು, ಒಂದನ್ನೂ ಕೇಳಲಿಲ್ಲ. "ನೂರು ಪಿಎಸ್ ಗ್ಯಾರಂಟಿ ಸಾರ್" ಅಂದರು. ಇನ್ನೊಂದು 3,000 ಕೊಟ್ಟರೆ ಇಜಿಆರ್ (ಸ್ವಲ್ಪ ಹೊಗೆಯನ್ನು ತಿರುಗಿ ಇಂಜಿನ್‌ಗೆ ಕಳಿಸುವ ವಾಲ್ವ್) ಕೂಡ ಬಂದ್ ಮಾಡಿಕೊಡುತ್ತೇನೆ, ಪಿಯುಸಿಯಲ್ಲಿ, ಅಂದರೆ ಹೊಗೆ ಪರೀಕ್ಷೆಯಲ್ಲಿ, ಅದು ಗೊತ್ತೇ ಆಗಲ್ಲ ಅಂದರು. ಅದಕ್ಕೆ ನಾನು ಒಪ್ಪಲಿಲ್ಲ. ದೊಡ್ಡ ತತ್ವ ಏನಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ.

ಮೊದಲ ದಿನ ಖುಷಿ ಆಗಿದ್ದು ನಿಜ. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ನುಗ್ಗುತ್ತಿತ್ತು. ಮೂರನೇ ದಿನ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಕನ್ನಡಿಯಲ್ಲಿ ನೋಡಿದರೆ ಹಿಂದೆ ಏನೂ ಕಾಣುತ್ತಿಲ್ಲ. ಕಪ್ಪು ಹೊಗೆ. ಅಂಗಳದಲ್ಲಿ ಬೇಯಿಸಿದ ಅಡಕೆ ಹರವಿತ್ತು. ಅಪ್ಪ ಎದ್ದು ನಿಂತು ಬೈದದ್ದನ್ನು ಇಲ್ಲಿ ಬರೆಯಲು ಆಗಲ್ಲ. ಘಾಟಿಯಲ್ಲಂತೂ ಹಿಂದೆ ಬರುತ್ತಿದ್ದ ಬೈಕಿನವನು ಪಕ್ಕಕ್ಕೆ ಬಂದು ಕೈ ಬೀಸಿ ಬೈದು ಹೋದ. ಇಷ್ಟಾಗಿ 1400ರಲ್ಲಿ ಲ್ಯಾಗ್ ಹಾಗೇ ಇತ್ತು! ಹಾಗಾಗಿ ಆ 2.11 ನೋಡಿದಾಗ ಆಶ್ಚರ್ಯ ಏನೂ ಆಗಲಿಲ್ಲ.

ಇಲ್ಲೊಂದು ತಮಾಷೆ ಇದೆ. ಪಕ್ಕದ ಮನೆಯವರ ಬೊಲೆರೊ ಕೂಡ 2013ರದ್ದೇ, ಆದರೆ ಶಿವಮೊಗ್ಗದಲ್ಲಿ ಕೊಂಡದ್ದು, ಬಿಎಸ್ 3. ಬೆಂಗಳೂರಿಗೆ ಬಿಎಸ್ 4 ನಿಯಮ 2010ರಲ್ಲೇ ಬಂದಿತ್ತು. ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ಕ್ಕೆ. ಅದರ ಫಲ ಏನು ಅಂದರೆ, ಹೊಗೆಯ ಮಿತಿ ಅವರಿಗೆ 2.45, ನನಗೆ 1.62. ಅವರ ಗಾಡಿ ಕಣ್ಣಿಗೆ ಕಾಣುವ ಹಾಗೆ ಹೊಗೆ ಬಿಟ್ಟೂ ಪಾಸ್. ಅವರು ಆರು ತಿಂಗಳಿಗೊಮ್ಮೆ ಸರ್ಟಿಫಿಕೇಟ್ ಮಾಡಿಸಬೇಕು, ನನಗೆ ವರ್ಷಕ್ಕೊಮ್ಮೆ ಸಾಕು. ಅಷ್ಟೇ ಸಮಾಧಾನ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಆರ್‌ಸಿಯಲ್ಲಿ ಇದನ್ನು ನೋಡಿಕೊಳ್ಳಿ. ಯಾರೂ ನೋಡಲ್ಲ.

ಈಗ ಗ್ಯಾರೇಜಿನ ವಿಷಯ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಶಿವಮೊಗ್ಗದವರಿಗೆ ಹೇಳಿಕೊಡಬೇಕಿಲ್ಲ. ಒಂದು ಸಾಲಿನಲ್ಲಿ ಲೇಥ್, ಇನ್ನೊಂದರಲ್ಲಿ ಟಿಂಕರಿಂಗ್, ಮಧ್ಯೆ ಚಹಾದಂಗಡಿ. ಇವರದ್ದು ಒಳಗಿನ ಸಾಲು. ಬೋರ್ಡ್ ಇಲ್ಲ. ಯಾಕೆ ಅಂತ ಕೇಳಿದೆ. "ಗಾಳಿಗೆ ಬಿತ್ತು. ಬಿದ್ದ ಮೇಲೂ ಜನ ಬರ್ತಾ ಇದಾರೆ, ಮತ್ಯಾಕೆ" ಅಂದರು. ಮಾಲೀಕರು ಸಾಗರದ ಕಡೆಯವರು, ಐವತ್ತು ದಾಟಿರಬಹುದು. ಡೀಸೆಲ್ ಪಂಪ್ ರಿಪೇರಿಯಿಂದ ಶುರು ಮಾಡಿದವರು. ಲ್ಯಾಪ್‌ಟಾಪ್ ಕೆಲಸ ಅವರ ತಂಗಿಯ ಮಗನದು. ಹುಡುಗ ಮಾತೇ ಆಡಲ್ಲ. ಮಾವ ಮಾತು ನಿಲ್ಲಿಸಲ್ಲ.

ಹೋದ ದಿನ ಅವರು ಮಾಡಿದ ಮೊದಲ ಕೆಲಸ ಬಾನೆಟ್ ತೆಗೆದು ಕಿವಿ ಕೊಟ್ಟು ಕೇಳಿದ್ದು. ಈ ಇಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಅಲ್ಲ, ಚೈನ್ ಇರುವುದು. ಹೊಗೆ ಪರೀಕ್ಷೆಯಲ್ಲಿ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಪೆಡಲ್ ನೆಲಕ್ಕೆ ಒತ್ತುತ್ತಾರೆ. ಇಂಜಿನ್ ತನ್ನ ಗರಿಷ್ಠ ವೇಗದವರೆಗೂ ಹೋಗುತ್ತದೆ. ಅದೂ ಒಂದು ಸಲ ಅಲ್ಲ, ನಾಲ್ಕೈದು ಸಲ. ಚೈನ್ ಸಡಿಲ ಇದ್ದರೆ ಪರೀಕ್ಷೆ ಮಾಡಲು ಹೋಗಿ ಇಂಜಿನ್ನೇ ಕೈಗೆ ಬರುತ್ತದೆ. ಅದಕ್ಕೆ ಮೊದಲು ಚೈನ್ ಸದ್ದು, ಆಮೇಲೆ ಉಳಿದದ್ದು ಅಂದರು. ನನ್ನದು ಸರಿ ಇತ್ತು.

ಆಮೇಲೆ ಹುಡುಗ ಕೇಬಲ್ ಹಾಕಿ ಫೈಲ್ ತೆಗೆದ. ಪರದೆಯಲ್ಲಿ ಕಂಪನಿಯ ಮೂಲ ಫೈಲ್ ಒಂದು ಕಡೆ, ನನ್ನದು ಇನ್ನೊಂದು ಕಡೆ. ಬದಲಾದ ಜಾಗ ಎಲ್ಲ ಕೆಂಪು. ಪಾರ್ಕಿಂಗ್ ಮಾಂತ್ರಿಕ ಮಾಡಿದ್ದು ಮೂರು ಕೆಲಸ. ಪೆಡಲ್ ಸ್ವಲ್ಪ ಒತ್ತಿದರೂ ಜಾಸ್ತಿ ಒತ್ತಿದ ಹಾಗೆ ಇಂಜಿನ್‌ಗೆ ಹೇಳುವುದು. ಎಲ್ಲ ವೇಗದಲ್ಲೂ ಡೀಸೆಲ್ ಏರಿಸುವುದು. ಮೂರನೆಯದು ಸ್ಮೋಕ್ ಲಿಮಿಟರ್ ಎತ್ತಿ ಬಿಡುವುದು. ಒಳಗೆ ಬಂದ ಗಾಳಿ ಎಷ್ಟು ಅಂತ ಅಳೆದು, ಇಷ್ಟು ಗಾಳಿಗೆ ಇಷ್ಟೇ ಡೀಸೆಲ್, ಇದಕ್ಕಿಂತ ಜಾಸ್ತಿ ಬೇಡ ಅಂತ ತಡೆಯುವ ಲೆಕ್ಕ ಅದು. ಅದನ್ನೇ ತೆಗೆದಿದ್ದ. ಮೊದಲ ದಿನ ನನಗೆ ನುಗ್ಗಿದ ಹಾಗೆ ಅನ್ನಿಸಿದ್ದು ಮುಕ್ಕಾಲು ಪಾಲು ಪೆಡಲ್ ಮೋಸ!

"ನಿಮ್ಮನೇಲಿ ಬಚ್ಚಲೊಲೆ ಇದ್ಯಾ?" ಅಂತ ಮಾವ ಕೇಳಿದರು. ಇದೆ ಅಂದೆ. "ಹಂಡೆ ಬಿಸಿ ಆಗ್ತಿಲ್ಲ ಅಂತ ಒಲೆ ಬಾಯಿ ತುಂಬ ಸೌದೆ ತುರುಕಿದ್ರೆ ಎಂತ ಆಗ್ತದೆ?" ಹೊಗೆ ಅಂದೆ. "ಬೆಂಕಿ ಬೇಕಂದ್ರೆ ಎಂತ ಮಾಡ್ತೀರಿ?" ಊದುಗೊಳವೆ ತಗೊಂಡು ಊದುತ್ತೇವೆ ಅಂದೆ. "ಆ ಊದುಗೊಳವೆನೇ ಟರ್ಬೊ. 1400ರಲ್ಲಿ ಅದು ಊದಲ್ಲ ಮಾರಾಯ್ರೆ. ಆವಾಗ ಸೌದೆ ತುರುಕಿ ಪ್ರಯೋಜನ ಇಲ್ಲ." ನಾನು ಎಂಟು ವರ್ಷ ಕಾರು ಓಡಿಸಿದ್ದೇನೆ, ವಿಡಿಯೋ ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ.

ಪಾರ್ಕಿಂಗ್‌ನವರ ಫೈಲ್ ತೆಗೆದು ಕಂಪನಿಯ ಫೈಲ್ ವಾಪಸ್ ಹಾಕಿದರು. ಅವರ ಹತ್ತಿರ ಒಂದು ಹಳೆಯ ಸ್ಮೋಕ್ ಮೀಟರ್ ಇದೆ. ಸೈಲೆನ್ಸರ್‌ನಿಂದ ಹೊಗೆ ಒಂದು ನಳಿಗೆಯ ಒಳಗೆ ಹೋಗುತ್ತದೆ. ಅದರ ಈ ತುದಿಯಿಂದ ಆ ತುದಿಗೆ ಬೆಳಕು ಬಿಡುತ್ತಾರೆ. ಎಷ್ಟು ಬೆಳಕು ಹೊಗೆಯಲ್ಲಿ ಕಳೆದುಹೋಯಿತು ಅನ್ನುವುದೇ ಆ ಅಂಕೆ. ಸರ್ಟಿಫಿಕೇಟ್ ಕೊಡಲು ಅದಕ್ಕೆ ಅಧಿಕಾರ ಇಲ್ಲ, ಸುಮ್ನೆ ಅಳತೆಗೆ. ಕಂಪನಿ ಫೈಲ್‌ನಲ್ಲೇ ಅಳೆದರು. 1.48. ಪಾಸ್ ಆಗುತ್ತದೆ, ಆದರೆ ಕೂದಲೆಳೆ ಅಂತರದಲ್ಲಿ. "ಅಂದ್ರೆ ಮ್ಯಾಪ್ ಮಾಡಿಸೋ ಮುಂಚೆನೇ ನಿಮ್ಮ ಗಾಡಿಗೆ ಕಾಯಿಲೆ ಇತ್ತು" ಅಂದರು.

ಕಾಯಿಲೆ ಹುಡುಕಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಟರ್ಬೊದಿಂದ ಇಂಜಿನ್‌ಗೆ ಗಾಳಿ ಹೋಗುವ ರಬ್ಬರ್ ಹೋಸ್ ಮೇಲ್ನೋಟಕ್ಕೆ ಹೊಸದರ ಹಾಗೆ ಇತ್ತು. ಅವರು ಕ್ಲಾಂಪ್ ಬಿಚ್ಚಿ, ಹೋಸನ್ನು ಕೆಳಗಿನಿಂದ ಹೆಬ್ಬೆರಳಲ್ಲಿ ಒತ್ತಿದರು. ಕ್ಲಾಂಪ್ ಕೂರುವ ಜಾಗದಲ್ಲೇ ಒಂದೂವರೆ ಇಂಚು ಸೀಳು. ಒತ್ತಿದಾಗ ಮೀನು ಬಾಯಿ ತೆರೆದ ಹಾಗೆ ತೆರೆಯಿತು, ಬಿಟ್ಟಾಗ ಮುಚ್ಚಿಕೊಂಡಿತು. ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ಕೆಂಪು ಧೂಳು. ನಿಂತ ಗಾಡಿಯಲ್ಲಿ ಅದು ಕಾಣುವುದೇ ಇಲ್ಲ. ಟರ್ಬೊ ಊದಿದಾಗ ಮಾತ್ರ ಬಾಯಿ ತೆರೆದು ಗಾಳಿ ಹೊರಗೆ ಬಿಡುತ್ತದೆ. ಅಳತೆಯಾದ ಗಾಳಿ ಒಂದು, ಇಂಜಿನ್‌ಗೆ ಮುಟ್ಟುವುದು ಅದಕ್ಕಿಂತ ಕಡಿಮೆ, ಡೀಸೆಲ್ ಮಾತ್ರ ಪೂರ್ತಿ. ಅದಕ್ಕೇ ಹೊಗೆ.

ಇಜಿಆರ್ ವಾಲ್ವ್ ಬಿಚ್ಚಿದರೆ ಇನ್ನೂ ಚೆನ್ನಾಗಿತ್ತು. ಹೆಬ್ಬೆರಳು ಹೋಗಬೇಕಾದ ತೂತಿನಲ್ಲಿ ನನ್ನ ಕಿರುಬೆರಳೂ ಹೋಗಲಿಲ್ಲ. ಒಳಗೆ ದೋಸೆ ಕಾವಲಿಯ ಅಂಚಿಗೆ ವರ್ಷಗಟ್ಟಲೆ ಕೂತ ಕರಿ ಇರುತ್ತದಲ್ಲ, ಆ ಥರ ಮಸಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು. ಅಡಕೆ ಸಿಪ್ಪೆಯ ನಾರು ತಂದು ಮೆತ್ತಗೆ ಹಾಸಿಕೊಂಡಿತ್ತು ಬಡ್ಡಿಮಗಂದು. ಮಲೆನಾಡಿನಲ್ಲಿ ಗಾಡಿ ಕೊಟ್ಟಿಗೆಯಲ್ಲಿ ನಿಲ್ಲಿಸುವವರು ತಿಂಗಳಿಗೊಮ್ಮೆ ಆ ಡಬ್ಬಿ ತೆಗೆದು ನೋಡಿ. ನಾನು ಈಗ ನೋಡುತ್ತೇನೆ.

ಇಜಿಆರ್ ವಿಷಯದಲ್ಲಿ ಅವರ ಹಟ ನನಗೆ ಇಷ್ಟ ಆಯ್ತು. ಅದು ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ತಿರುಗಿ ಇಂಜಿನ್‌ಗೆ ಕಳಿಸುತ್ತದೆ. ಒಳಗಿನ ಉರಿಯ ಶಾಖ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್ ಕಡಿಮೆ ಆಗುತ್ತದೆ. ಅದನ್ನು ಬಂದ್ ಮಾಡಿದರೆ ಇಂಜಿನ್‌ಗೆ ಶುದ್ಧ ಗಾಳಿ ಜಾಸ್ತಿ ಸಿಗುತ್ತದೆ, ಕಪ್ಪು ಹೊಗೆ ಇಳಿಯುತ್ತದೆ. ಡೀಸೆಲ್ ಗಾಡಿಯ ಪಿಯುಸಿಯಲ್ಲಿ ಅಳೆಯುವುದು ಹೊಗೆ ಮಾತ್ರ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಹಾಗಾಗಿ ಬಂದ್ ಮಾಡಿಸಿದವನ ಗಾಡಿ ಪರೀಕ್ಷೆಯಲ್ಲಿ ಇನ್ನೂ ಚೆನ್ನಾಗಿ ಪಾಸ್ ಆಗುತ್ತದೆ! ಪಾರ್ಕಿಂಗ್‌ನವರು ಹೇಳಿದ್ದು ಸುಳ್ಳಲ್ಲ. ಆದರೆ ಮಾವ ಮಾಡಲ್ಲ. ತೊಳೆದು ವಾಪಸ್ ಹಾಕುತ್ತಾರೆ. ನಾನು ಇದ್ದಾಗಲೇ ಒಬ್ಬರು ಬಿಎಸ್ 6 ಗಾಡಿ ತಂದು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೆಗೆದುಕೊಡಿ, ಪದೇ ಪದೇ ಲೈಟ್ ಬರುತ್ತಿದೆ ಅಂತ ಕೇಳಿದರು. "ವಾರಕ್ಕೊಂದು ಸಲ ತೀರ್ಥಹಳ್ಳಿವರೆಗೆ ಮೂರನೇ ಗೇರಲ್ಲಿ ಓಡ್ಸಿ, ಅದೇ ಸುಟ್ಕೊಳ್ತದೆ. ತೆಗ್ಯಲ್ಲ ನಾನು" ಅಂತ ಹೇಳಿ ಕಳಿಸಿದರು. ಅವರು ಸಿಟ್ಟು ಮಾಡಿಕೊಂಡೇ ಹೋದರು.

ಹೋಸ್ ಬದಲಾಯಿಸಿ, ಇಜಿಆರ್ ತೊಳೆದು, ಫಿಲ್ಟರ್ ಹೊಸದು ಹಾಕಿ, ಗಾಳಿ ಅಳೆಯುವ ಸೆನ್ಸರ್ ಸ್ಪ್ರೇ ಹೊಡೆದು ಒರೆಸಿದ ಮೇಲೆ ಮತ್ತೆ ಮೀಟರ್ ಇಟ್ಟರು. 0.79. ಕಂಪನಿ ಫೈಲ್‌ನಲ್ಲೇ, ಒಂದು ಅಕ್ಷರ ಬದಲಾಯಿಸದೆ.

ಇಲ್ಲಿಗೆ ಅವರು ರೀಮ್ಯಾಪ್ ದುಡ್ಡು ಕೇಳಬಹುದಿತ್ತು. ನಾನೂ ಕೊಡಲು ತಯಾರಿದ್ದೆ. "ಒಂದು ತಿಂಗಳು ಹೀಗೇ ಓಡ್ಸಿ. ಆಮೇಲೂ ಬೇಕು ಅನ್ಸಿದ್ರೆ ಬನ್ನಿ" ಅಂತ ಕಳಿಸಿದರು. ಓಡಿಸಿದೆ. ಘಾಟಿಯಲ್ಲಿ ಒಂದು, ಎರಡು, ಮೂರು ಎಣಿಸುತ್ತಿದ್ದದ್ದು ಒಂದೂವರೆಗೆ ಇಳಿದಿತ್ತು. ನಾನು ಇಷ್ಟು ವರ್ಷ ಬೈದದ್ದು ಫಿಯೆಟ್‌ನವರಿಗೆ. ತಪ್ಪು ಹೋಸಿನದು.

ನಿಜ ಹೇಳಬೇಕು ಅಂದರೆ ಅಲ್ಲಿಗೇ ಬಿಡಬಹುದಿತ್ತು. ಆದರೆ ಚಪಲ ಹೋಗಲಿಲ್ಲ. ಒಂದೂವರೆ ತಿಂಗಳ ಮೇಲೆ ಮತ್ತೆ ಹೋದೆ.

ಅವರು ಮಾಡಿದ ಮ್ಯಾಪ್ ಬಗ್ಗೆ ಹುಡುಗ ಹೇಳಿದ್ದು ನಾಲ್ಕು ಮಾತು. 1800ರ ಕೆಳಗೆ ಡೀಸೆಲ್ ಮುಟ್ಟಿಲ್ಲ. 1800ರಿಂದ 3200ರವರೆಗೆ ಟರ್ಬೊ ಒತ್ತಡ ಸ್ವಲ್ಪ ಏರಿಸಿದ್ದೇನೆ, ಅದರ ಹಿಂದೆ ಡೀಸೆಲ್. ಸ್ಮೋಕ್ ಲಿಮಿಟರ್ ಕಂಪನಿಯದ್ದೇ. ಪೆಡಲ್ ಕಂಪನಿಯದ್ದೇ. ಮುಗೀತು. ಕ್ಲಚ್ ಹಳೆಯದು ಅಂತ ಟಾರ್ಕ್ ಒಂದು ಮಟ್ಟಕ್ಕಿಂತ ಮೇಲೆ ಹೋಗದ ಹಾಗೆ ಕಟ್ಟಿದ್ದಾರೆ. ಎಷ್ಟು ಪಿಎಸ್ ಜಾಸ್ತಿ ಆಯ್ತು ಅಂತ ದಯವಿಟ್ಟು ಕೇಳಬೇಡಿ. ಅದನ್ನು ಅಳೆಯುವ ಡೈನೊ ಯಂತ್ರ ಅವರ ಹತ್ತಿರ ಇಲ್ಲ. ಡೈನೊ ಇಲ್ಲದೆ ನೂರು, ನೂರಹತ್ತು ಅಂತ ಅಂಕೆ ಹೇಳುವವರನ್ನು ನಾನು ಈಗ ನಂಬಲ್ಲ.

ಅವರ ಪರೀಕ್ಷೆ ಬೇರೆ ಥರ. ಮಾವ ಒಂದು ಹಳೆಯ ಬಿಳಿ ಪಂಚೆ ಹರಿದು ತುಂಡು ಮಾಡಿ ಇಟ್ಟುಕೊಂಡಿದ್ದಾರೆ. ಗಾಜನೂರು ದಾಟಿ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಕಡೆ ಹೋದೆವು. ಹೊರಡುವ ಮುಂಚೆ ಬಟ್ಟೆಯ ತುಂಡನ್ನು ತಂತಿಯ ಬಲೆಗೆ ಕಟ್ಟಿ ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರ ನಿಲ್ಲಿಸಿದರು. ನಾನು ಓಡಿಸಿದೆ, ಅವರು ಪಕ್ಕದಲ್ಲಿ. ಏರು ಸಿಕ್ಕಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ಅಂದರು. ಹಾಗೆ ನಾಲ್ಕೈದು ಸಲ. ಆಮೇಲೆ ನಿಲ್ಲಿಸಿ ಬಟ್ಟೆ ಬಿಚ್ಚಿದರು. ಮಧ್ಯೆ ಒಂದು ಬೂದು ಬಣ್ಣದ ವೃತ್ತ. ಕಪ್ಪಲ್ಲ, ಒಗೆದ ಸ್ಕೂಲ್ ಯೂನಿಫಾರ್ಮ್ ಥರದ ಬೂದು. ಅವರು ಮೂಸಿ ನೋಡಿದರು, ಬೆರಳಿನಲ್ಲಿ ತಿಕ್ಕಿದರು, ಹುಡುಗನಿಗೆ ಫೋನ್ ಮಾಡಿ "2200 ಹತ್ರ ಚೂರು ಕಮ್ಮಿ ಮಾಡು" ಅಂದರು. ಮತ್ತೆ ವಾಪಸ್, ಮತ್ತೆ ಫೈಲ್, ಮತ್ತೆ ಮಂಡಗದ್ದೆ. ಎರಡನೇ ಬಟ್ಟೆಯಲ್ಲಿ ವೃತ್ತ ಎಲ್ಲಿ ಶುರು ಎಲ್ಲಿ ಮುಗಿಯಿತು ಅಂತ ಕಾಣಲಿಲ್ಲ.

ಪಿಯುಸಿ ಪರೀಕ್ಷೆ ಗಾಡಿ ನಿಂತಲ್ಲೇ ನಡೆಯುತ್ತದೆ, ಭಾರ ಎಳೆಯುವಾಗಿನ ಹೊಗೆ ಅದಕ್ಕೆ ಕಾಣಲ್ಲ. ಅದಕ್ಕೇ ಈ ಪಂಚೆ. ಇದನ್ನು ಅವರು ಯಾಕೆ ಮಾಡುತ್ತಾರೆ ಅಂತ ಕೇಳಿದೆ. ಪಾಸ್ ಮಾಡಿಸಲು ಇಷ್ಟೆಲ್ಲ ಬೇಕಿಲ್ಲ ಅಲ್ವಾ? "ಘಾಟಿಲಿ ನಿಮ್ಮ ಹಿಂದೆ ಬೈಕಲ್ಲಿ ಬರೋನು ನಾನೇ ಇರಬಹುದಲ್ಲ" ಅಂದರು. ನನಗೆ ಆ ಕೈ ಬೀಸಿ ಬೈದವನು ನೆನಪಾದ.

ಸರ್ಟಿಫಿಕೇಟ್ ಮಾಡಿಸಲು ಅದೇ ಪೆಟ್ರೋಲ್ ಬಂಕಿಗೆ, ಅದೇ ಹುಡುಗನ ಹತ್ತಿರ ಹೋದೆ. ಸ್ವಲ್ಪ ಹಟ ಅಂತಲೇ ಇಟ್ಟುಕೊಳ್ಳಿ. ಇಂಜಿನ್ ಚೆನ್ನಾಗಿ ಬಿಸಿ ಆಗಿರಲಿ ಅಂತ ತೀರ್ಥಹಳ್ಳಿ ಪೇಟೆ ಎರಡು ಸುತ್ತು ಹಾಕಿ ಹೋಗಿದ್ದೆ. ತಣ್ಣಗಿನ ಇಂಜಿನ್ ಡೀಸೆಲ್ ಪೂರ್ತಿ ಸುಡಲ್ಲ, ಅಂಕೆ ಸುಮ್ಮನೆ ಮೇಲೆ ಹೋಗುತ್ತದೆ. ಮೊದಲು ಎರಡು ಸಲ ರೇಸ್ ಮಾಡಿ ಪೈಪಿನ ಹಳೆ ಮಸಿ ಹೊರಗೆ ಹಾಕಿಸಿದ. ಆಮೇಲೆ ನಾಲ್ಕು ಅಳತೆ. 1.03. ನಂಬರ್ ಪ್ಲೇಟ್ ಫೋಟೋ ತೆಗೆದ, ಚೀಟಿ ಕೊಟ್ಟ. "ಏನ್ ಸಾರ್ ಇಂಜಿನ್ ಮಾಡ್ಸಿದ್ರಾ?" ಅಂದ. ಹೋಸ್ ಹಾಕಿಸಿದೆ ಅಂದೆ.

ಅದು ಪೂರ್ತಿ ಸತ್ಯ ಅಲ್ಲ, ಅದಕ್ಕೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಪಿಯುಸಿ ಪಾಸ್ ಆದ ತಕ್ಷಣ ರೀಮ್ಯಾಪ್‌ಗೆ ಅನುಮತಿ ಸಿಕ್ಕಿತು ಅಂತ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಹೊಗೆ ಮಿತಿ ಮೀರಿದ ಗಾಡಿ ಓಡಿಸಿದರೆ 10,000 ರೂಪಾಯಿವರೆಗೆ ಬೇರೆ. ಇಂಜಿನ್ನೇ ಬದಲಾಯಿಸುವುದು ಆದರೆ ಆರ್‌ಟಿಒದಲ್ಲಿ ಮೊದಲೇ ಕೇಳಿ ಆರ್‌ಸಿಯಲ್ಲಿ ಬರೆಸಬೇಕು. ಸಾಫ್ಟ್‌ವೇರ್ ಬದಲಾಯಿಸಿದ್ದನ್ನು ಆರ್‌ಸಿಯಲ್ಲಿ ಎಲ್ಲಿ ಬರೆಯುತ್ತಾರೆ ಅಂತ ನಾನು ಕೇಳಿದವರೆಲ್ಲ ನಕ್ಕರು. ವಿಮೆ ಏಜೆಂಟರೂ ನಕ್ಕರು, ಆಮೇಲೆ ಮಾತ್ರ ಕಂಪನಿಗೆ ಒಂದು ಮೇಲ್ ಹಾಕಿಬಿಡಿ ಅಂದರು. ಹಾಕಿದ್ದೇನೆ. ವಾರಂಟಿ ಇರುವ ಹೊಸ ಗಾಡಿಗೆ ಈ ಕೆಲಸಕ್ಕೆ ಹೋಗಲೇಬೇಡಿ. ಮಾವನೂ ಅದನ್ನೇ ಹೇಳುತ್ತಾರೆ. ಇದನ್ನೆಲ್ಲ ಅವರು ತಾವಾಗಿಯೇ ಹೇಳಿದರೆ ಚೆನ್ನಾಗಿತ್ತು. ನಾನು ಕೇಳಿದ ಮೇಲೆ ಹೇಳಿದರು.

ಅವರ ಮೇಲೆ ದೂರು ಅದೊಂದೇ ಅಲ್ಲ. ಫೋನ್ ಎತ್ತಲ್ಲ. ನಾಳೆ ಅಂದರೆ ನಾಡಿದ್ದು, ನಾಡಿದ್ದು ಅಂದರೆ ಮುಂದಿನ ವಾರ. ಮೊದಲ ಸಲ ಗಾಡಿ ಐದು ದಿನ ಅಲ್ಲೇ ಇತ್ತು. ನಾನು ತೀರ್ಥಹಳ್ಳಿಯಿಂದ 60 ಕಿಲೋಮೀಟರ್ ಬಸ್ಸಿನಲ್ಲಿ ಎರಡು ಸಲ ಸುಮ್ನೆ ಬಂದು ಹೋದೆ. ಕೂರಲು ಒಂದು ಸ್ಟೂಲ್, ಅದೂ ಗ್ರೀಸ್ ಮಯ. ಬಿಲ್ ಅಂದರೆ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಟ್ಟ ಲೆಕ್ಕ. ಬಾನೆಟ್ ಒಳಗಿನ ಒಂದು ಪ್ಲಾಸ್ಟಿಕ್ ಕ್ಲಿಪ್ ಕಳೆದು ಅದರ ಜಾಗಕ್ಕೆ ಕೇಬಲ್ ಟೈ ಹಾಕಿದ್ದಾರೆ. ಕೇಳಿದರೆ "ಅದೇ ಗಟ್ಟಿ" ಅಂದರು.

ದುಡ್ಡಿನ ಲೆಕ್ಕ: ಹೋಸ್ 1,900. ಇಜಿಆರ್ ತೊಳೆದದ್ದು, ಸೆನ್ಸರ್, ಫಿಲ್ಟರ್, ಕೂಲಿ ಎಲ್ಲ ಸೇರಿ 3,700. ಮ್ಯಾಪ್ 9,000. ಪಾರ್ಕಿಂಗ್‌ನಲ್ಲಿ ಹೋದ 12,000 ನನ್ನ ಬುದ್ಧಿವಂತಿಕೆಗೆ ಕೊಟ್ಟ ಫೀಸು, ಅದು ಈ ಲೆಕ್ಕದಲ್ಲಿ ಬರಲ್ಲ. ಮೈಲೇಜ್ ಲೀಟರಿಗೆ 17 ಇದ್ದದ್ದು 19ರ ಹತ್ತಿರ ಬಂದಿದೆ. ಅದರಲ್ಲಿ ಮ್ಯಾಪಿನ ಪಾಲೆಷ್ಟು, ಹೋಸಿನ ಪಾಲೆಷ್ಟು ಅಂದರೆ ನನ್ನ ಅಂದಾಜಿನಲ್ಲಿ ಎಲ್ಲ ಹೋಸಿನದೇ.

ಹೋಗುವವರು ಬೆಳಿಗ್ಗೆ ಹತ್ತೂವರೆ ಒಳಗೆ ಹೋಗಿ. ಸ್ಮೋಕ್ ಮೀಟರ್‌ನಲ್ಲಿ ಅಳೆದು ಕೊಡಿ ಅಂತ ಮೊದಲೇ ಕೇಳಿ. ನೂರು ಪಿಎಸ್ ಬೇಕು ಅಂತ ಮಾತ್ರ ಕೇಳಬೇಡಿ, ಚಹಾ ಕುಡಿಸಿ ವಾಪಸ್ ಕಳಿಸುತ್ತಾರೆ.

ಕಂಪನಿಯ ಮೂಲ ಫೈಲನ್ನು ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟಿದ್ದಾರೆ, ಯಾವಾಗ ಬೇಕಾದರೂ ವಾಪಸ್ ಹಾಕಿಸಬಹುದು ಅಂತ. ಮನೆಗೆ ಬಂದು ನೋಡಿದರೆ ಅದರಲ್ಲಿ ನನ್ನ ಫೈಲ್ ಜೊತೆ ಮಾವನ ಹನ್ನೊಂದು ಯಕ್ಷಗಾನ ವಿಡಿಯೋ ಇದ್ದವು. ಫೋನ್ ಮಾಡಿ ಹೇಳೋಣ ಅಂದರೆ ಎತ್ತಲಿಲ್ಲ. ಈಗ ಪೆನ್‌ಡ್ರೈವ್ ಟಿವಿ ಹಿಂದೆ ಚುಚ್ಚಿದೆ, ಅಮ್ಮ ಮಧ್ಯಾಹ್ನ ಹಾಕಿಕೊಂಡು ನೋಡುತ್ತಾರೆ. ಕೊನೆಯಲ್ಲಿರುವ ಆ ಸಣ್ಣ ಫೈಲ್ ಓಪನ್ ಆಗುತ್ತಿಲ್ಲ, ಅಳಿಸಲಾ ಅಂತ ಎರಡು ಸಲ ಕೇಳಿದ್ದಾರೆ.